ಗೂಡುಸಾಬರ ಮೂರು ಫ್ಲೆಕ್ಸು

ರಾಣೇಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಫ್ಲೆಕ್ಸ್ ಹಚ್ಚುವ ತನಕ ಯಾರ ಸಂತೋಷವೂ ಪೂರ್ತಿಯಾಗುವುದಿಲ್ಲ. ಸಂಘಕ್ಕೆ ನಿರ್ದೇಶಕರಾದರೆ ಫ್ಲೆಕ್ಸ್, ಹಜ್ ಮುಗಿಸಿ ಬಂದರೆ ಫ್ಲೆಕ್ಸ್, ಹೊಸ ಟ್ರ್ಯಾಕ್ಟರ್ ತಂದರೂ ಫ್ಲೆಕ್ಸ್. ಹೋದ ವರ್ಷ ಒಬ್ಬರು ತಮ್ಮ ಓಟದ ಹೋರಿಯ ಹುಟ್ಟುಹಬ್ಬಕ್ಕೆ ದೊಡ್ಡದೊಂದು ಫ್ಲೆಕ್ಸ್ ಹಾಕಿಸಿದ್ದರು. ಶುಭ ಕೋರುವವರ ಸಾಲಿನಲ್ಲಿ ನಾನೂ ಇದ್ದೆ. ಆ ಹೋರಿಯ ಪರಿಚಯ ನನಗಿರಲಿಲ್ಲ, ಆದರೆ ಫೋಟೋ ಕೇಳಿದಾಗ ಇಲ್ಲ ಎನ್ನುವುದು ನಮ್ಮ ಕಡೆ ಸಭ್ಯತೆಯಲ್ಲ.

ನನ್ನ ಹೆಸರು ಕಲ್ಲೇಶ. ಅದೇ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಕ್ಕದಲ್ಲೇ ಗೂಡುಸಾಬರ ಸೆಂಟ್ರಿಂಗ್ ಅಂಗಡಿ. ಕಾಂಕ್ರೀಟ್ ಚಾವಣಿ ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಲ್ಲುವ ಕಬ್ಬಿಣದ ಹಾಳೆ, ಕಂಬಗಳನ್ನು ಅವರು ಬಾಡಿಗೆಗೆ ಕೊಡುತ್ತಾರೆ. ಊರಿನ ಅರ್ಧ ಮನೆಗಳ ತಲೆಯನ್ನು ತಾನೇ ಎತ್ತಿ ಹಿಡಿದವನು ಎಂಬ ಅಭಿಮಾನ ಅವರಿಗಿದೆ. ಮನುಷ್ಯ ಬಂಗಾರದಂಥವರು. ಒಂದೇ ತೊಂದರೆ ಎಂದರೆ, ಎದುರಿನವರ ಮಾತು ಮುಗಿಯುವ ಮೊದಲೇ ಅವರು ಕೆಲಸಕ್ಕೆ ಹೊರಟಿರುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಅವರು ಮೊಬೈಲನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಅಂಗಡಿಗೆ ಓಡಿ ಬಂದರು.

"ಕಲ್ಲೇಶಣ್ಣ, ಇದನ್ನ ಕಲರಿನಾಗ ತಗೀರಿ. ದೊಡ್ಡದ ತಗೀರಿ. ನಮ್ಮ ಸಮೀಗ ಲೈಸೆನ್ಸ್ ಬಂತು!"

ಸಮೀವುಲ್ಲಾ ಅವರ ಒಬ್ಬನೇ ಮಗ. ಆರ್ಕಿಟೆಕ್ಚರ್ ಓದು ಮುಗಿಸಿ ಹುಬ್ಬಳ್ಳಿಯಲ್ಲಿ ಶಶಿಕಾಂತ ಎಂಬ ಹಿರಿಯ ಆರ್ಕಿಟೆಕ್ಟರ ಕೈಕೆಳಗೆ ದುಡಿಯುತ್ತಿದ್ದ. ಲೈಸೆನ್ಸ್ ಎಂದರೆ ಗಾಡಿ ಓಡಿಸುವುದಷ್ಟೇ ಗೊತ್ತಿದ್ದ ನಾನು, ಇದರಿಂದ ಏನಾಗುತ್ತದೆ ಎಂದು ಕೇಳಿದೆ. ಗೂಡುಸಾಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಕಾಕಾ, ಐದು ವರ್ಷ ಓದಿದ್ರೂ ಇಷ್ಟು ದಿನ ನಾ ಹೆಸರಿನ ಜೋಡಿ ಆರ್ಕಿಟೆಕ್ಟ್ ಅಂತ ಬರಕೊಳ್ಳಂಗ ಇರಲಿಲ್ಲ, ಕಾಯ್ದೆ ಐತಿ," ಎಂದ ಸಮೀವುಲ್ಲಾ. ಅವನ ದನಿಯೂ ಕುಣಿಯುತ್ತಿತ್ತು. "ನಕ್ಷೆ ನಾ ತಗದ್ರೂ ಸಹಿ ಶಶಿಕಾಂತ ಸರ್‌ದು. ಇನ್ನ ಸಹಿ ನಂದ, ಆಫೀಸ್ ನಂದ. ಮನಿ ಬಿರುಕು ಬಿಟ್ರ ಬೈಗುಳಾನೂ ನಂದ. ಅಬ್ಬಾ, ಇನ್ನೊಂದು ಮುಖ್ಯ ಮಾತು ಐತಿ, ಕೇಳ್ರಿ..."

"ಅಂದ್ರ ಇಷ್ಟು ದಿನ ಬರೀಬಾರದಿತ್ತು, ಇನ್ನ ಬರೀಬಹುದು. ಹೌದಿಲ್ಲೋ?" ಎಂದು ಅಪ್ಪ ನಡುವೆಯೇ ಬಾಯಿ ಹಾಕಿದರು.

"ಹೌದ್ರಿ, ಆದ್ರ..."

ಗೂಡುಸಾಬರು ಫೋನ್ ಇಟ್ಟರು. "ಐದು ವರ್ಷ ಬರೀಬ್ಯಾಡ ಅಂತ ತಡದಾರ ನನ್ನ ಮಗನ್ನ. ಈಗ ಬರಿ ಅಂದಾರ. ಬರದ ಬಿಡೂಣು ನಡೀರಿ!"

ಅರ್ಧ ಗಂಟೆಯಲ್ಲಿ ನಾವು ಮಧುವಿನ ಫ್ಲೆಕ್ಸ್ ಅಂಗಡಿಯಲ್ಲಿದ್ದೆವು. ಮಧು ನಮ್ಮ ತಾಲೂಕಿನ ಮುಖಗಳನ್ನೆಲ್ಲ ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಮಹಾನುಭಾವ. ಯಾರ ಮದುವೆ, ಯಾರ ಗೆಲುವು ಎಂದು ಹೇಳಿದರೆ ಸಾಕು, ಶುಭ ಕೋರುವವರನ್ನು ಅವನೇ ಹೊಂದಿಸಿಬಿಡುತ್ತಾನೆ. ಸಮೀವುಲ್ಲಾ ಯಾರದೋ ನಿಕಾಹ್‌ನಲ್ಲಿ ಶೇರ್ವಾನಿ ಹಾಕಿಕೊಂಡು ನಿಂತಿದ್ದ ಫೋಟೋ ಸಿಕ್ಕಿತು. ಮಧು ಅವನನ್ನು ನಾಲ್ಕು ಪಟ್ಟು ಬೆಳ್ಳಗೆ ಮಾಡಿ, ಬೆನ್ನ ಹಿಂದೆ ಮುಗಿಲು ಮುಟ್ಟುವ ಗಾಜಿನ ಕಟ್ಟಡಗಳ ಸಾಲನ್ನೇ ತಂದು ನಿಲ್ಲಿಸಿದ. ಆ ಕಟ್ಟಡಗಳನ್ನು ಸಮೀವುಲ್ಲಾ ಕಟ್ಟಿರಲಿಲ್ಲ, ಹಾವೇರಿ ಜಿಲ್ಲೆಯಲ್ಲಿ ಯಾರೂ ಕಟ್ಟಿರಲಿಲ್ಲ.

ಮೇಲಿನ ಸಾಲಿನಲ್ಲಿ ಸಿಮೆಂಟ್ ವ್ಯಾಪಾರಿ ಪ್ರಭುಲಿಂಗಪ್ಪನವರು ಕೈಮುಗಿದು ನಿಂತರು. ಕೆಳಗೆ ಬಂಧುಬಳಗ. ಕೊನೆಯ ಮೂಲೆಯಲ್ಲಿ ನಾನು.

"ನನ್ನ ಎಡಗಿವಿ ಎಲ್ಲಿ ಹೋತಪಾ ಮಧು?" ಎಂದು ಕೇಳಿದೆ.

"ಜಾಗಾ ಸಾಲಲಿಲ್ರಿ ಕಾಕಾ. ಒಂದ ಕಿವೀನೂ ಛಲೋ ಕಾಣ್ತೈತಿ."

ನನಗೆ ಸಿಟ್ಟು ಬಂತು. ಪ್ರಭುಲಿಂಗಪ್ಪನವರಿಗೆ ಎರಡು ಕಿವಿ, ಮೇಲೊಂದು ರುಮಾಲು ಬೇರೆ. ಆದರೆ ಗೂಡುಸಾಬರ ಮುಖದಲ್ಲಿದ್ದ ಖುಷಿ ನೋಡಿ ಇನ್ನೊಂದು ಕಿವಿಯ ಆಸೆ ಬಿಟ್ಟೆ. ಅಷ್ಟರಲ್ಲಿ ಅವರ ಹೆಂಡತಿ ಜೈತೂನಬಿಯ ಫೋನ್ ಬಂತು. ಬ್ಯಾಡಗಿ ಆಕೆಯ ತವರು.

"ರಾಣೇಬೆನ್ನೂರಾಗ ಒಂದ ಹಚ್ಚಿದ್ರ ಏನಾತು? ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ಮುಂದ ಒಂದ ಆಗಬೇಕು. ನಮ್ಮ ಭಾಭಿ ದಿನಾ ಅದ ಹಾದಿ ಹಿಡದ ಹೋಗ್ತಾಳ, ನೋಡ್ಲಿ."

ಜಿಲ್ಲಾ ಕೇಂದ್ರವನ್ನು ಬಿಟ್ಟರೆ ಅನ್ಯಾಯವಾಗುತ್ತದೆ ಎಂದು ಹಾವೇರಿಗೂ ಒಂದು ಸೇರಿತು. ಹೀಗೆ ಮೂರು ಫ್ಲೆಕ್ಸು ಅಚ್ಚಾದವು. ಎರಡಡಿ ಎತ್ತರದ ಅಕ್ಷರದಲ್ಲಿ ಹೆಸರು. ಅದರ ಕೆಳಗೆ, "ಮನೆ, ಅಂಗಡಿ, ಗೋಡೌನ್ ಹಾಗೂ ಕಲ್ಯಾಣ ಮಂಟಪಗಳ ನಕ್ಷೆಗಾಗಿ ಇಂದೇ ಸಂಪರ್ಕಿಸಿ." ಅದರ ಕೆಳಗೆ ಸಮೀವುಲ್ಲಾನ ಮೊಬೈಲ್ ನಂಬರು. ಬುಧವಾರ ಸಂಜೆಗೆ ಮೂರೂ ಊರಿನಲ್ಲಿ ಏರಿದವು.

ಗುರುವಾರ ಬೆಳಿಗ್ಗೆ ಸಮೀವುಲ್ಲಾ ಹುಬ್ಬಳ್ಳಿಯ ಬಸ್ಸಿನಿಂದ ಬ್ಯಾಗು ಹೊತ್ತು ಇಳಿದ. ತಲೆ ಎತ್ತಿ ನೋಡಿದರೆ ಬಸ್ ಸ್ಟ್ಯಾಂಡಿನ ಎದುರು ತಾನೇ ಮುಗಿಲಿನಷ್ಟೆತ್ತರ ನಿಂತು ನಗುತ್ತಿದ್ದಾನೆ. ನಾನೂ ಕೂತಿದ್ದ ಅಪ್ಪನ ಅಂಗಡಿಗೆ ಬಂದಾಗ ಹುಡುಗನ ಮುಖ ನನ್ನ ಜೆರಾಕ್ಸ್ ಹಾಳೆಯ ಬಣ್ಣಕ್ಕೆ ತಿರುಗಿತ್ತು.

"ಅಬ್ಬಾ, ಅದನ್ನ ಇಳಸ್ರಿ. ಈಗಿಂದೀಗ ಇಳಸ್ರಿ!"

"ಯಾಕಲೇ, ಫೋಟೋ ಛಲೋ ಬಂದಿಲ್ಲೇನು? ಕಲ್ಲೇಶಣ್ಣನಗಿಂತ ಛಲೋ ಬಂದೀದಿ."

ಅವನು ಉತ್ತರ ಕೊಡುವುದರೊಳಗೆ ಶಶಿಕಾಂತ ಸರ್ ಅವರ ಫೋನು ಬಂತು. ಆ ಸಿಟ್ಟಿಗೆ ಸ್ಪೀಕರಿನ ಅವಶ್ಯಕತೆ ಇರಲಿಲ್ಲ.

"ಸಮೀವುಲ್ಲಾ, ನಿನ್ನ ಫ್ಲೆಕ್ಸ್ ನನ್ನ ಮೊಬೈಲಿಗೆ ಬಂದೈತಿ! ಆರ್ಕಿಟೆಕ್ಟ್ ಆದಾಂವ ತನ್ನ ಕೆಲಸಕ್ಕ ತಾನ ಜಾಹೀರಾತು ಮಾಡ್ಕೊಳ್ಳಂಗಿಲ್ಲ ಅಂತ ನಿನಗ ಎಷ್ಟು ಸಲ ಹೇಳೇನಿ? ಯಾರರ ಒಬ್ಬಾಂವ ಲೈಸೆನ್ಸ್ ಕೊಡೋ ಕೌನ್ಸಿಲ್ಲಿಗೆ ದೂರು ಕೊಟ್ಟ ಅಂದ್ರ ವಿಚಾರಣೆ ಆಗ್ತೈತಿ. ಲೈಸೆನ್ಸ್ ಬಂದು ವಾರ ಆಗಿಲ್ಲ, ಕಳಕೊಂಡು ಕುಂದ್ರವ ಇದ್ದೀ ಏನು? ಇವತ್ತ ಎಲ್ಲಾ ಇಳಸು. ಅದನ್ನ ನೋಡಿ ಬಂದ ಒಂದು ಕೆಲಸಾನೂ ಹಿಡೀಬ್ಯಾಡ."

ಗೂಡುಸಾಬರು ಸೆಂಟ್ರಿಂಗ್ ಹಾಳೆಗಳ ರಾಶಿಯ ಮೇಲೆ ಕುಸಿದು ಕುಳಿತರು. "ಸೀರಿ ಮಾರಾವ ಹಚ್ತಾನ, ಟ್ಯೂಷನ್ ಹೇಳಾವ ಹಚ್ತಾನ. ನನ್ನ ಮಗಾ ಏನ ಪಾಪಾ ಮಾಡ್ಯಾನ?"

"ಡಾಕ್ಟರ್, ವಕೀಲರಿಗೆ ಹೆಂಗ ಐತೋ ನಮಗೂ ಹಂಗ ಐತಿ ಅಬ್ಬಾ. ನಾ ಸೋಮವಾರ ಹೇಳಾಕ ಹೊಂಟಿದ್ದ ಮುಖ್ಯ ಮಾತು ಇದ."

"ಹಂಗಾರ ನಿನ್ನ ಲೈಸೆನ್ಸು ನಾನ ಕಳದೇನು?" ಎಂದರು ಗೂಡುಸಾಬರು. ಆ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆದರೆ ಅವರ ದುಃಖಕ್ಕೂ ಬಹಳ ಹೊತ್ತು ಕೂರುವ ಅಭ್ಯಾಸವಿಲ್ಲ. ಮರುಕ್ಷಣ ಎದ್ದು, ಹಾಳೆ ಹೇರುವ ಛೋಟಾ ಹಾಥಿ ಗಾಡಿಗೆ ಏಣಿ ಎಸೆದು, "ಹತ್ರಿ!" ಎಂದು ಕೂಗಿದರು. ನನ್ನ ಒಂದು ಕಿವಿಯೂ ಈ ಪ್ರಕರಣದಲ್ಲಿ ಸಿಕ್ಕಿಕೊಂಡಿದ್ದರಿಂದ ನಾನೂ ಹತ್ತಿದೆ.

ಬಸ್ ಸ್ಟ್ಯಾಂಡಿನ ಎದುರು ಏಣಿ ಹಚ್ಚಿದ್ದೇ ತಡ, ಪ್ರಭುಲಿಂಗಪ್ಪನವರು ತಮ್ಮ ಅಂಗಡಿಯಿಂದ ಧೋತರದ ಚುಂಗು ಹಿಡಿದುಕೊಂಡು ಓಡಿ ಬಂದರು.

"ಏ ಗೂಡುಸಾಬ, ನನ್ನ ಮಾರಿ ಯಾಕ ಇಳಸಾಕತ್ತೀದಿ?"

"ನಿಮ್ಮ ಮಾರಿ ಅಲ್ರಿ ಮಾಲಕ್ರ, ನನ್ನ ಮಗಂದು."

"ಎರಡೂ ಕೂಡಿ ಅದಾವಲ್ಲೋ! ನಿನ್ನೆ ಏರಿಸಿ ಇವತ್ತ ಇಳಸಿದ್ರ ಮಂದಿ ಏನಂತಾರ? ಪ್ರಭುಲಿಂಗಪ್ಪಂದು, ಗೂಡುಸಾಬಂದು ಜಗಳ ಆತು ಅಂತಾರ. ಮುಂದಿನ ತಿಂಗಳ ನನ್ನ ಸಂಘದ ಇಲೆಕ್ಷನ್ ಐತಿ. ಬೇಕಾದ್ರ ನಿನ್ನ ಮಗನ್ನ ಒಯ್ಯಿ, ನಮ್ಮನ್ನ ಮುಟ್ಟಬ್ಯಾಡ."

ವಾದ ಮಾಡಲು ಸಮಯವಿರಲಿಲ್ಲ. ಸಮೀವುಲ್ಲಾ ಏಣಿ ಹತ್ತಿ, ತನ್ನ ಫೋಟೋ, ಹೆಸರು, ನಂಬರು ಇದ್ದಷ್ಟು ಭಾಗವನ್ನು ಬ್ಲೇಡಿನಿಂದ ಕೊಯ್ದು ತೆಗೆದ. ನಕ್ಷೆ ಹಾಕುವ ಕೈ, ಮೂಲೆಗಳು ಬಹಳ ನೇರ ಬಂದಿದ್ದವು. ಈಗ ಫ್ಲೆಕ್ಸಿನ ನಡುವೆ ದೊಡ್ಡದೊಂದು ಕಿಂಡಿ. ಕಿಂಡಿಯಲ್ಲಿ ಆಕಾಶ, ಕರೆಂಟಿನ ತಂತಿ. ಸುತ್ತಲೂ ನಾವು ಹದಿನಾಲ್ಕು ಮಂದಿ ಹಲ್ಲು ಕಿರಿದು ಆ ಖಾಲಿ ಆಕಾಶಕ್ಕೆ ಹಾರ್ದಿಕ ಶುಭಾಶಯಗಳನ್ನು ಕೋರುತ್ತಿದ್ದೆವು.

ಕೆಳಗೆ ಸೊಪ್ಪು ಮಾರುತ್ತಿದ್ದ ಮುತ್ತವ್ವ ತಲೆ ಎತ್ತಿ ನೋಡಿ ಲೊಚಗುಟ್ಟಿದಳು. "ನಿನ್ನೆ ಇಲ್ಲೆ ಇದ್ದನಲ್ಲೋ ಯಪ್ಪಾ, ಬೆಳ್ಳನ್ನ ಹುಡುಗ. ಏನಾಗಿತ್ತು?"

"ಲೈಸೆನ್ಸ್ ಬಂದಿತ್ತಬೇ," ಎಂದರು ಪ್ರಭುಲಿಂಗಪ್ಪ.

"ಅಯ್ಯ ಪಾಪ. ಎಳೇ ವಯಸ್ಸು," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೀರಿಕೊಂಡವನು ಏಣಿ ಇಳಿದು ಆಕೆಯ ಮುಂದೆಯೇ ಹಾದುಹೋದ. ಫೋಟೋದಷ್ಟು ಬೆಳ್ಳಗಿಲ್ಲದ್ದರಿಂದ ಆಕೆಗೆ ಗುರುತು ಸಿಗಲಿಲ್ಲ.

ಅಲ್ಲಿಂದ ಗಾಡಿ ಹೈವೇ ಹಿಡಿದು ಹಾವೇರಿಗೆ ಹಾರಿತು. ಅಲ್ಲಿ ಕೋರ್ಟಿಗೆ ಹೋಗುವ ರಸ್ತೆಯಲ್ಲಿ ನಮ್ಮ ಫ್ಲೆಕ್ಸು. ಒಂದು ಹಗ್ಗ ಬಿಚ್ಚಿದ್ದೆವು, ಹಿಂದೆ ಸರ್ಕಾರಿ ಜೀಪು ಬಂದು ನಿಂತಿತು. ಕಪ್ಪು ಕನ್ನಡಕದ ಒಬ್ಬ ಸಾಹೇಬರು ಇಳಿದರು.

"ಈ ಫ್ಲೆಕ್ಸ್ ಯಾರ್ದು? ಪರ್ಮಿಷನ್ ಐತೇನು?"

ಗೂಡುಸಾಬರು ಗಾಬರಿಯಲ್ಲಿ, "ನಮ್ಮದಲ್ರಿ ಸಾಹೇಬ್ರ!" ಎಂದುಬಿಟ್ಟರು.

"ನಿಮ್ಮದಲ್ಲಂದ್ರ ಬಿಚ್ಚಾಕತ್ತೀರಿ ಯಾಕ? ಕಳುವು ಮಾಡಾಕ ಬಂದೀರೇನು?"

"ಹಂಗಾರ ನಮ್ಮದ ರೀ!"

"ನಿಮ್ಮದಂದ್ರ ಪರ್ಮಿಷನ್ ಎಲ್ಲೈತಿ?"

ಗೂಡುಸಾಬರು ನನ್ನ ಕಡೆ ನೋಡಿದರು. ನಾನು ಏಣಿಯ ಕಡೆ ನೋಡಿದೆ. ಸಮೀವುಲ್ಲಾ ಮುಂದೆ ಬಂದು, "ಸರ್, ಅದರಾಗಿರಾಂವ ನಾನ. ನನ್ನ ಲೈಸೆನ್ಸ್ ಉಳೀಬೇಕಂದ್ರ ಇದನ್ನ ಇಳಸಬೇಕು," ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಸಾಹೇಬರು ಕನ್ನಡಕ ತೆಗೆದರು. ಮೇಲಿನ ಬೆಳ್ಳನೆಯ ಹುಡುಗನನ್ನೂ ಕೆಳಗಿನ ಬೆವೆತ ಹುಡುಗನನ್ನೂ ಹೋಲಿಸಿ ನೋಡಿದರು. ಆಮೇಲೆ ಸಮೀವುಲ್ಲಾನ ಹೆಗಲ ಮೇಲೆ ಕೈಯಿಟ್ಟರು.

"ತಮ್ಮಾ, ಇಷ್ಟು ವರ್ಷದ ಸರ್ವಿಸ್‌ನಾಗ ಇಳಸಬ್ಯಾಡ್ರಿ ಅಂತ ಕಾಲು ಹಿಡದಾರನ್ನ ನೋಡೇನಿ. ತಾನ ಇಳಸ್ತೇನಿ ಅನ್ನಾಂವ ನೀನ ಮೊದಲನೆಯಾಂವ. ಏ, ಬರ್ರಿ ಎಲ್ಲಾರೂ, ಇಳಸ್ರಿ ಇದನ್ನ!"

ಜೀಪಿನಿಂದ ನಾಲ್ಕು ಮಂದಿ ಜಿಗಿದರು. ಎರಡು ನಿಮಿಷದಲ್ಲಿ ಫ್ಲೆಕ್ಸು ಕೆಳಗೆ ಬಂತು. ನಾವು ಕೈಮುಗಿಯುತ್ತಿರುವಾಗಲೇ ಸಾಹೇಬರು, "ನಿಂದ್ರಿ, ನಿಂದ್ರಿ," ಎಂದು ಅದನ್ನು ಪೂರ್ತಿ ಬಿಚ್ಚಿ ಹಿಡಿಸಿ, ಮುಂದೆ ತಾವು ನಿಂತು ಫೋಟೋ ತೆಗೆಸಿಕೊಂಡರು. "ಅನಧಿಕೃತ ಫ್ಲೆಕ್ಸ್ ತೆರವು ಕಾರ್ಯಾಚರಣೆ" ಎಂಬ ತಲೆಬರಹದೊಂದಿಗೆ ಆ ಫೋಟೋ ಊರಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಯಿತು. ಹೆಸರು, ನಂಬರು, ಗೋಡೌನು, ಕಲ್ಯಾಣ ಮಂಟಪ, ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು. ಕಂಬದ ಮೇಲಿದ್ದಾಗ ಅದನ್ನು ಆ ರಸ್ತೆಯವರಷ್ಟೇ ನೋಡುತ್ತಿದ್ದರು.

ಗಾಡಿ ಮೋಟೆಬೆನ್ನೂರು ಮುಟ್ಟುವುದರೊಳಗೆ ಸಮೀವುಲ್ಲಾನ ಫೋನು ಹೊಡೆದುಕೊಳ್ಳಲು ಶುರುವಾಯಿತು.

"ಹಲೋ, ಮನಿ ನಕ್ಷೆ ಹಾಕವ್ರೇನ್ರಿ? ವಾಟ್ಸಾಪಿನಾಗ ನಿಮ್ಮ ಫ್ಲೆಕ್ಸ್ ನೋಡಿದ್ವಿ."

"ಫ್ಲೆಕ್ಸ್ ನೋಡಿ ಮಾಡಿದ್ರ ನಾ ಕೆಲಸಾ ಹಿಡಿಯಂಗಿಲ್ರಿ, ಮಾಫ್ ಮಾಡ್ರಿ."

ಇನ್ನೊಂದು ಫೋನು, ಮೂರು ಅಂತಸ್ತಿನ ಅಂಗಡಿ. ಅದಕ್ಕೂ ಇಲ್ಲ. ಮತ್ತೊಂದು, ಕಲ್ಯಾಣ ಮಂಟಪ. ಅದಕ್ಕೂ ಇಲ್ಲ. ಕಲ್ಯಾಣ ಮಂಟಪಕ್ಕೆ ಇಲ್ಲ ಎಂದಾಗ ಗೂಡುಸಾಬರಿಗೆ ಗಾಡಿ ರಸ್ತೆಯ ಮೇಲೆ ಇಡಲು ಆಗಲಿಲ್ಲ. "ಯಾ ಅಲ್ಲಾ, ಮಂಟಪ ಹೋತು! ಊಟದ ಹಾಲ್ ಸಹಿತ ಹೋತು!" ಎಂದು ಸ್ಟಿಯರಿಂಗ್ ಬಡಿದುಕೊಂಡರು. ಸಮೀವುಲ್ಲಾ ಮಾತ್ರ ಮುಂದಿನ ಫೋನಿಗೂ ಅದನ್ನೇ ಹೇಳಿದ. ಹೆಸರಿಗೆ ಬಂದ ಮೊದಲ ಕೆಲಸಗಳನ್ನು ತಾನೇ ಅಟ್ಟುವುದು ಯಾವ ಹುಡುಗನಿಗೂ ಸುಲಭವಲ್ಲ. ನನಗೆ ಅವನ ಬಗ್ಗೆ ಗೌರವ ಬಂತು.

ಬ್ಯಾಡಗಿ ಪೇಟೆಯ ಮುಂದೆ ಗಾಡಿ ನಿಂತಿತು. ಎರಡು ಬಿದಿರು ಗಳಗಳು ನಿಂತಿದ್ದವು, ನಡುವೆ ಫ್ಲೆಕ್ಸು ಇರಲಿಲ್ಲ. ಯಾರಾದರೂ ದೂರಿಗೆ ಸಾಕ್ಷಿಯಾಗಿ ಹೊತ್ತೊಯ್ದರೇ ಎಂದು ಸಮೀವುಲ್ಲಾ ತಲೆ ಹಿಡಿದುಕೊಂಡ. ಚಹಾ ಅಂಗಡಿಯ ಕೈಸರ ಕೈ ತೋರಿಸಿ ಹೇಳಿದ: "ಗಾಳಿಗೆ ಹರಕೊಂಡು ಬಿದ್ದಿತ್ರಿ. ನೀಲಗಂಗವ್ವಾರು ಒಯ್ದಾರ, ಕಾಯಿ ಒಣಹಾಕಾಕ."

ನೀಲಗಂಗವ್ವ ಎಂದರೆ ಮೆಣಸಿನಕಾಯಿ ವ್ಯಾಪಾರದಲ್ಲಿ ಗಂಡಸರನ್ನು ನಡುಗಿಸುವ ಹೆಂಗಸು. ಪೇಟೆಯ ಹಿಂದಿನ ಅವಳ ಖಾಲಿ ಜಾಗದಲ್ಲಿ ಕೆಂಪಗೆ ಹಾಸಿದ ಮೆಣಸಿನಕಾಯಿ, ಅದರ ಅಡಿಯಲ್ಲಿ ನಮ್ಮ ಫ್ಲೆಕ್ಸಿನ ಅಂಚು. ಆಕೆ ಕೊಡೆ ಹಿಡಿದು ಕಾವಲು ಕೂತಿದ್ದಳು.

"ಕಾಯಿ ಒಣಗೂ ತನಕ ಕೊಡಂಗಿಲ್ಲ," ಎಂದಳು ನೀಲಗಂಗವ್ವ. "ಬಿದ್ದಿದ್ದು ತಂದೇನಿ, ಕದ್ದಿಲ್ಲ. ಕುಂದ್ರಿ."

ಕುಳಿತೆವು. ಘಾಟಿಗೆ ಮೂಗು, ಕಣ್ಣು ಉರಿಯುತ್ತಿದ್ದವು. ಸಮೀವುಲ್ಲಾ ಮಾತ್ರ ಕಣ್ಣೊರೆಸಿಕೊಳ್ಳುತ್ತಲೇ ಜಾಗದ ಪಕ್ಕದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದಿದ್ದ ಗೆರೆಗಳನ್ನು ನೋಡುತ್ತಿದ್ದ.

"ಅವ್ವಾರ, ಇಲ್ಲಿ ಮನಿ ಕಟ್ಟವ್ರಿದ್ದೀರೇನ್ರಿ?"

"ಹೂಂ. ಗೌಂಡಿ ಗೆರಿ ಹೊಡದ ಹೋಗ್ಯಾನ. ಅದು ಅಡಗಿ ಮನಿ, ಇದು ಪಡಸಾಲಿ."

"ಕಾಯಿ ಒಣಹಾಕೂದು ಈ ಕಡೆ, ಗಾಳಿ ಬೀಸೂದೂ ಈ ಕಡೆಯಿಂದ. ಅಡಗಿ ಮನಿ ಕಿಡಕಿ ಇತ್ತಾಗ ಇಟ್ರ ಘಾಟೆಲ್ಲಾ ಒಳಗ ಬರ್ತೈತಿ. ಕೆಮ್ಮಿಕೋಂತನ ಅಡಗಿ ಮಾಡ್ಬೇಕು. ಅಡಗಿ ಮನಿ ಅತ್ತಾಗ ಒಯ್ರಿ, ನಡುವ ಒಂದ ಅಂಗಳ ಬಿಡ್ರಿ. ಘಾಟು ಮ್ಯಾಲ ಹೋಗ್ತೈತಿ, ಬೆಳಕು ಒಳಗ ಬರ್ತೈತಿ."

ಅವನು ಕಡ್ಡಿ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತ ಹೋದ. ಲೈಸೆನ್ಸು, ದೂರು, ಕಲ್ಯಾಣ ಮಂಟಪ ಎಲ್ಲ ಮರೆತಿದ್ದ. ನೀಲಗಂಗವ್ವ ಕೊಡೆ ಮಡಚಿ ಎದ್ದು ನಿಂತು, ಗೆರೆಗಳ ನಡುವೆ ಅಡುಗೆ ಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಓಡಾಡಿದಳು. ಇಲ್ಲದ ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಬಂದಳು.

"ಇದ ಇರಲಿ. ಈ ಮನೀನ ನನಗ ಬೇಕು. ನಕ್ಷೆ ನೀನ ಹಾಕು ತಮ್ಮಾ. ನೀ ಯಾರು?"

ಗೂಡುಸಾಬರು ಹಾರಿ ಎದ್ದರು. ಸಮೀವುಲ್ಲಾ ಮಾತ್ರ ಅಪ್ಪನ ಅಂಗಿ ಹಿಡಿದು ಕೂರಿಸಿ, ಕೈಮುಗಿದು ಕೇಳಿದ. "ಅವ್ವಾರ, ಖರೇ ಹೇಳ್ರಿ. ನೀವು ಈ ಫ್ಲೆಕ್ಸ್ ನೋಡಿ ನನಗ ಕೆಲಸಾ ಕೊಡಾಕತ್ತೀರೇನು? ಹಂಗಾದ್ರ ನಾ ಹಿಡಿಯಂಗಿಲ್ಲ."

ಗೂಡುಸಾಬರು ಕಣ್ಣು ಮುಚ್ಚಿಕೊಂಡರು.

"ಯಾವ ಫ್ಲೆಕ್ಸ್? ಇದಾ? ಇದರಾಗ ಏನೈತಿ ಯಾರಿಗ್ಗೊತ್ತು? ಬಣ್ಣ ಕಾಯಿಗೆ ಹತ್ತೀತು ಅಂತ ಮಾರಿ ಕೆಳಗ ಮಾಡಿ ಹಾಸೇನಿ. ಬೇಕಾದ್ರ ನೋಡು," ಎಂದು ಆಕೆ ಒಂದು ಮೂಲೆಯ ಕಾಯಿ ಸರಿಸಿದಳು. ಖರೇ. ಮೇಲೆ ಬರೀ ಬಿಳಿ ಬೆನ್ನು. ಸಮೀವುಲ್ಲಾ, ಪ್ರಭುಲಿಂಗಪ್ಪ, ನಾನು, ಎಲ್ಲರೂ ನೆಲಕ್ಕೆ ಮುಖ ಹಚ್ಚಿ ಮಲಗಿದ್ದೆವು.

"ನೋಡಿಲ್ಲ! ಅವ್ವಾರು ನೋಡೇ ಇಲ್ಲ!" ಎಂದು ಗೂಡುಸಾಬರು ಸಂತೋಷಕ್ಕೆ ಮೆಣಸಿನಕಾಯಿ ರಾಶಿಯ ನಡುವೆಯೇ ಕುಣಿದರು. ಎದ್ದ ಘಾಟಿಗೆ ಪೇಟೆಯ ಆ ಮಗ್ಗುಲೆಲ್ಲ ಸೀನಿತು. ಶಶಿಕಾಂತ ಸರ್‌ಗೆ ಫೋನ್ ಮಾಡಿ, ಮೂರೂ ಇಳಿದವು ಎಂದು ಸೀನುತ್ತ ಸೀನುತ್ತಲೇ ಹೇಳಿದೆವು. ಅವರು ಸುದ್ದಿ ಕೇಳಿ, "ನೋಡದೇ ಕೊಟ್ಟಾರಂದ್ರ ಧೈರ್ಯಲೇ ಹಿಡಿ," ಎಂದು ನಕ್ಕರು.

ನಕ್ಷೆ ಆಯಿತು, ಸಮೀವುಲ್ಲಾ ತನ್ನ ಮೊದಲ ಸಹಿ ಹಾಕಿದ, ಅನುಮತಿಯೂ ಬಂತು. ಪಾಯದ ಕೆಲಸ ಶುರುವಾದ ದಿನ ಅವನೇ ಅಪ್ಪನಿಗೆ ಒಂದು ಸಿಹಿ ಸುದ್ದಿ ಕೊಟ್ಟ. ತಾನು ಮಾಡಿಸುತ್ತಿರುವ ಕಟ್ಟಡದ ಮುಂದೆ ಆರ್ಕಿಟೆಕ್ಟ್ ತನ್ನ ಹೆಸರು ಹಾಕಬಹುದು. ಆದರೆ ಅಕ್ಷರ ಹತ್ತು ಸೆಂಟಿಮೀಟರಿಗಿಂತ ಎತ್ತರ ಇರಬಾರದು. ಗೂಡುಸಾಬರು ಟೇಪು ಹಿಡಿದು ಮಧುವಿನ ಅಂಗಡಿಯಲ್ಲಿ ಕೂತು, ಹತ್ತಕ್ಕೆ ಕೂದಲೆಳೆಯಷ್ಟೂ ಕಮ್ಮಿ ಆಗದಂತೆ, ಹೆಚ್ಚೂ ಆಗದಂತೆ ಬೋರ್ಡು ಬರೆಸಿದರು.

ಬ್ಯಾಡಗಿಯ ಆ ಜಾಗದಲ್ಲಿ ಬೋರ್ಡು ನಿಂತಿತು, ನಿಲ್ಲಿಸಲು ನಾನೂ ಹೋಗಿದ್ದೆ. ಆದರೆ ಜಾಗ ರಸ್ತೆಯಿಂದ ಒಳಗಿತ್ತು. ರಸ್ತೆಯಲ್ಲಿ ಹೋಗುವವರಿಗೆ ಅಲ್ಲಿ ಏನೋ ಬರೆದಿದೆ ಎಂದಷ್ಟೇ ಕಾಣುತ್ತಿತ್ತು. ಗೂಡುಸಾಬರು ಹೋಗಿ ಬೋರ್ಡಿನ ಪಕ್ಕ ನಿಂತರು. ದಾರಿಹೋಕರು ಬಂದಾಗಲೆಲ್ಲ ಗಟ್ಟಿಯಾಗಿ ಓದತೊಡಗಿದರು.

"ಆರ್ಕಿಟೆಕ್ಟ್ ಸಮೀವುಲ್ಲಾ! ರಾಣೇಬೆನ್ನೂರು!"

"ಅಬ್ಬಾ, ಏನ ಮಾಡಾಕತ್ತೀರಿ?" ಎಂದು ಮಗ ಓಡಿ ಬಂದ.

"ಹೊಗಳಾಕತ್ತಿಲ್ಲಪಾ, ಓದಾಕತ್ತೇನಿ. ಬರದಿದ್ದನ್ನ ಓದಾಕ ಕಾಯ್ದೆ ಬ್ಯಾಡ ಅಂದೈತೇನು?"

ಸಮೀವುಲ್ಲಾ ಯೋಚಿಸಿದ. ದನಿಗೆ ಎಷ್ಟು ಸೆಂಟಿಮೀಟರ್ ಎಂದು ಅವನು ಓದಿದ ಯಾವ ನಿಯಮದಲ್ಲೂ ಇರಲಿಲ್ಲ. "ಓದ್ರಿ. ಆದ್ರ ಬರದಿದ್ದಷ್ಟ ಓದ್ರಿ, ಒಂದ ಅಕ್ಷರ ಜಾಸ್ತಿ ಬ್ಯಾಡ," ಎಂದು ಹೇಳಿ ಪಾಯದ ಕಡೆ ಹೋದ.

ಅಷ್ಟರಲ್ಲಿ ಬೈಕಿನ ಮೇಲೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ಕರ್ಜಗಿಯ ರೈತನೊಬ್ಬ ಗಾಡಿ ನಿಲ್ಲಿಸಿದ.

"ಯಾರ್ರೀ ಆ ಸಮೀವುಲ್ಲಾ? ಇಷ್ಟು ಪ್ರೀತಿಲೇ ಓದಾಕತ್ತೀರಿ, ನಿಮಗ ಏನಾಗಬೇಕು?"

ಗೂಡುಸಾಬರು ಬಾಯಿ ತೆರೆದರು. ಪಾಯದ ಅಂಚಿನಲ್ಲಿ ನಿಂತ ಮಗನ ಕಡೆ ನೋಡಿದರು. ಬೋರ್ಡನ್ನು ಮೇಲಿಂದ ಕೆಳಗಿನ ತನಕ ಇನ್ನೊಮ್ಮೆ ನೋಡಿದರು. ಅದರಲ್ಲಿ ಅದನ್ನು ಬರೆದಿರಲಿಲ್ಲ. ಬಾಯಿ ಮುಚ್ಚಿದರು. ಕಣ್ಣಲ್ಲಿ ನೀರು ತುಂಬಿತು, ಮೆಣಸಿನಕಾಯಿಗೇನೂ ಅಲ್ಲ.

"ಅದನ್ನ ಹೇಳಾಕ ಬರಂಗಿಲ್ರಿ," ಎಂದರು. "ಕಾಯ್ದೆ ಐತಿ."

ನನಗೆ ಯಾವ ಕೌನ್ಸಿಲ್ಲಿನ ಲೈಸೆನ್ಸೂ ಇಲ್ಲ, ಕಳೆದುಕೊಳ್ಳುವುದೂ ಏನಿಲ್ಲ. "ಮಗಾ ರೀ! ಇವರ ಮಗಾ!" ಎಂದು ಇಡೀ ಬ್ಯಾಡಗಿ ಪೇಟೆಗೆ ಕೇಳುವಂತೆ ಒದರಿದೆ.